ಆಯ್ದಕ್ಕಿ ದಂಪತಿಗಳ ಆತ್ಮವಿಚಾರ

ತನ್ನ ತಾನರಿಯುವ ಸಾಧನೆಗೆ ಏಕಾಂತವೂ ಗಿರಿಗುಹೆಗಳೂ ಬೇಕೆಂಬ ಭಾವನೆ ಬಹುಕಾಲದಿಂದ ಬೆಳೆದು ಬಂದಿದೆ. 12ನೆಯ ಶತಮಾನದ ಶರಣರು ಆ ಸಾಧನೆಯನ್ನು ದಿನನಿತ್ಯದ ದುಡಿಮೆಯೊಳಗೇ ನೆಲೆಗೊಳಿಸಿದರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಬದುಕು ಇದಕ್ಕೆ ಉಜ್ವಲ ನಿದರ್ಶನ.

ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಈ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲೆಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಗೂಳೂರ ಸಿದ್ಧವೀರಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿ ಇವರ ಪ್ರಸಂಗವು ವಿಶಿಷ್ಟ ಸ್ಥಾನ ಪಡೆದಿದೆ.

ಶರಣಪರಂಪರೆಯು ಇವರ ಬದುಕಿನ ಎರಡು ಘಟನೆಗಳನ್ನು ಸ್ಮರಿಸುತ್ತದೆ. ಒಮ್ಮೆ ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತರು. ಕಾಯಕದ ಹೊತ್ತು ಮೀರುತ್ತಿರುವುದನ್ನು ಲಕ್ಕಮ್ಮನವರು ನೆನಪಿಸಿ ಎಚ್ಚರಿಸಿದರು. ಮತ್ತೊಮ್ಮೆ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಈ ಹೆಚ್ಚಳವು ಯಾರ ಮನದ ಬಯಕೆಯಿಂದ ಬಂದಿತೆಂದು ಪತ್ನಿ ಪ್ರಶ್ನಿಸಿದರು. ಮಿಕ್ಕ ಅಕ್ಕಿಯನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಅದರಂತೆ ನಡೆದುಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಾರಯ್ಯನವರು ಕದ್ದವರಲ್ಲ, ಸೋಮಾರಿಯೂ ಅಲ್ಲ. ಅವರ ಮರೆವು ಅನುಭಾವದ ಹೆಸರಿನಲ್ಲಿ ಬಂದಿತು. ಅವರ ಆಸೆ ದಾಸೋಹದ ಹೆಸರಿನಲ್ಲಿ ಬಂದಿತು. ದೋಷವು ದೋಷದ ರೂಪದಲ್ಲಿಯೇ ಬಂದರೆ ಗುರುತಿಸುವುದು ಸುಲಭ; ಸದ್ಗುಣದ ವೇಷದಲ್ಲಿ ಬಂದಾಗ ಅದನ್ನು ಕಾಣುವುದೇ ನಿಜವಾದ ಆತ್ಮವಿಚಾರ. ತಾನೇ ಕಾಣಲಾರದುದನ್ನು ತೋರಿಸಲು ಮಾರಯ್ಯನವರಿಗೆ ಮನೆಯೊಳಗೇ ಗುರು ದೊರೆತರು. ಸತಿಯ ಮಾತಿಗೆ ಪತಿ ತಲೆಬಾಗಿದ ಈ ನಡೆ ಅಂದಿನ ಸಮಾಜದಲ್ಲಿ ಸಾಮಾನ್ಯವಾದುದಲ್ಲ. ಲಕ್ಕಮ್ಮನವರು ಕೇವಲ ಉಪದೇಶ ಕೇಳಿದವರಲ್ಲ, ಸ್ವತಃ ವಚನಕಾರ್ತಿ. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದ ಅವರ ವಚನಗಳು ಇಂದಿಗೂ ಲಭ್ಯವಿವೆ.

ಬೆಳಗಿನ ಇಷ್ಟಲಿಂಗಪೂಜೆಯಲ್ಲಿ ನೆಲೆಗೊಂಡ ಚಿತ್ತವು ಅಂಗಡಿಯ ತಕ್ಕಡಿಯ ಮುಂದೆ, ಕಚೇರಿಯ ಕಡತದ ಮುಂದೆ, ಹೊಲದ ಬದುವಿನ ಮೇಲೆ ಹೇಗಿರುತ್ತದೆ? ಪೂಜೆಯ ಸತ್ತ್ವಪರೀಕ್ಷೆ ನಡೆಯುವುದು ಅಲ್ಲಿಯೇ. ‘ಇಂದು ಮನೆಗೆ ತಂದುದರಲ್ಲಿ ಹೆಚ್ಚಿನದು ಎಷ್ಟು? ಅದು ಬಂದುದು ಅಗತ್ಯದಿಂದಲೋ, ಆಸೆಯಿಂದಲೋ?’ ಎಂದು ಸಂಜೆ ತನ್ನನ್ನು ತಾನು ಕೇಳಿಕೊಳ್ಳುವ ಭಕ್ತನು ಲಕ್ಕಮ್ಮನವರ ಪ್ರಶ್ನೆಯನ್ನೇ ಮತ್ತೆ ಕೇಳಿಕೊಳ್ಳುತ್ತಾನೆ. ಉತ್ತರ ದೊರೆತ ಮೇಲೆ ಮಿಕ್ಕ ಅಕ್ಕಿಯನ್ನು ಹಿಂದಿರುಗಿಸುವ ಧೈರ್ಯವೂ ಬೇಕು. ಅರಿವು ಆಚಾರವಾಗುವುದು ಆಗಲೇ.