ಫಲಿತಾಂಶದ ಒತ್ತಡ ಮತ್ತು ಮುಖ್ಯಶಿಕ್ಷಕರ ನೈತಿಕ ನಿರ್ಧಾರ: ಅಟ್ಲಾಂಟಾ ಪ್ರಕರಣದ ಒಂದು ಪರಿಶೀಲನೆ

ಅಮೆರಿಕದ ಅಟ್ಲಾಂಟಾ ನಗರದ ಸಾರ್ವಜನಿಕ ಶಾಲೆಗಳ ಸಿಬ್ಬಂದಿಗೆ ವರ್ಷಕ್ಕೊಮ್ಮೆ ಜಾರ್ಜಿಯಾ ಡೋಮ್ ಕ್ರೀಡಾಂಗಣದಲ್ಲಿ ಸಮಾವೇಶ ನಡೆಯುತ್ತಿತ್ತು. ಪರೀಕ್ಷೆಯ ಗುರಿ ಮುಟ್ಟಿದ ಶಾಲೆಯವರಿಗೆ ಕೆಳಗೆ ಅಂಗಳದಲ್ಲಿ ಕುರ್ಚಿ, ಮುಟ್ಟದವರಿಗೆ ಮೇಲಿನ ಗ್ಯಾಲರಿ. ಶಾಲಾ ವ್ಯವಸ್ಥೆಯ ಮುಖ್ಯಸ್ಥೆ ಬೆವರ್ಲಿ ಹಾಲ್ ಗುರಿ ಮುಟ್ಟಲು ಪ್ರಾಂಶುಪಾಲರಿಗೆ ಮೂರು ವರ್ಷದ ಗಡುವು ಕೊಟ್ಟಿದ್ದರು. ಅಂಕಗಳು ಏರಿದವು. 2009ರಲ್ಲಿ ಹಾಲ್ ಅವರಿಗೆ ಆ ಹುದ್ದೆಯವರಿಗೆ ಸಲ್ಲುವ ರಾಷ್ಟ್ರಮಟ್ಟದ ಪ್ರಶಸ್ತಿಯೂ ಬಂತು.

ಅದೇ ವರ್ಷದ ಉತ್ತರಪತ್ರಿಕೆಗಳಲ್ಲಿ ತಪ್ಪನ್ನು ಅಳಿಸಿ ಸರಿಯುತ್ತರ ತುಂಬಿದ ಗುರುತುಗಳು ಅಸಹಜವಾಗಿ ಹೆಚ್ಚಿದ್ದವು. ರಾಜ್ಯದ ಗವರ್ನರ್ ನೇಮಿಸಿದ ತನಿಖಾಧಿಕಾರಿಗಳು 2011ರಲ್ಲಿ ವರದಿ ಕೊಟ್ಟರು: ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ಅಕ್ರಮ, ಅದರಲ್ಲಿ 178 ಶಿಕ್ಷಕರು ಮತ್ತು ಪ್ರಾಂಶುಪಾಲರ ಪಾತ್ರ. ಒಂದು ಶಾಲೆಯವರಂತೂ ವಾರದ ಕೊನೆಯಲ್ಲಿ ಸಹೋದ್ಯೋಗಿಯ ಮನೆಯಲ್ಲಿ ಸೇರಿ ಉತ್ತರ ತಿದ್ದಿದ್ದರು. 82 ಮಂದಿ ತಪ್ಪೊಪ್ಪಿಕೊಂಡರು. 2015ರಲ್ಲಿ ನ್ಯಾಯಾಲಯ 11 ಮಂದಿಯನ್ನು ಅಪರಾಧಿಗಳೆಂದಿತು.

ಇಷ್ಟೊಂದು ಜನ ಒಟ್ಟಿಗೆ ಕೆಟ್ಟವರಾದರೇ? ಹಾಗೆ ನಂಬುವುದು ಕಷ್ಟ.

ಶಾಲಾ ನಾಯಕತ್ವಕ್ಕೆ ನ್ಯಾಯ, ಕಾಳಜಿ, ವಿಮರ್ಶೆ ಎಂಬ ಮೂರು ನೈತಿಕ ನೆಲೆಗಳು ಬೇಕೆಂದು ರಾಬರ್ಟ್ ಸ್ಟಾರಟ್ 1991ರಲ್ಲಿ ವಾದಿಸಿದ್ದರು. ಅಟ್ಲಾಂಟಾದಲ್ಲಿ ಮೊದಲು ಸತ್ತದ್ದು ವಿಮರ್ಶೆ. ಗುರಿ ಅಸಾಧ್ಯವೆಂದು ಮೇಲಿನವರಿಗೆ ಹೇಳುವ ದಾರಿ ಮುಚ್ಚಿದಾಗ, ಪ್ರಾಂಶುಪಾಲರ ಮುಂದೆ ಉಳಿದದ್ದು ಕೆಲಸ ಕಳೆದುಕೊಳ್ಳುವುದು, ಇಲ್ಲವೇ ಕಣ್ಣು ಮುಚ್ಚಿಕೊಳ್ಳುವುದು. ಭಯ ಅವರ ನಡತೆಯನ್ನು ವಿವರಿಸುತ್ತದೆ, ಸಮರ್ಥಿಸುವುದಿಲ್ಲ. ಏಕೆಂದರೆ ಬೆಲೆ ತೆತ್ತವರು ಮಕ್ಕಳು. ಅಲ್ಲಿನ ಪಾರ್ಕ್ಸ್ ಮಿಡ್ಲ್ ಸ್ಕೂಲ್ ಸುಳ್ಳು ಅಂಕಗಳಿಂದ 'ಸುಧಾರಣೆ ಬೇಕಾದ ಶಾಲೆ'ಗಳ ಪಟ್ಟಿಯಿಂದ ಹೊರಬಂತು. ಅದರೊಂದಿಗೆ, ಅಂಥ ಶಾಲೆಗಳಿಗೆ ಸಿಗುವ ಸುಮಾರು 7.5 ಲಕ್ಷ ಡಾಲರ್ ನೆರವೂ ಕೈತಪ್ಪಿತು. ಓದಲು ಬಾರದ ಮಗು ದಾಖಲೆಯಲ್ಲಿ ಜಾಣನಾದ್ದರಿಂದ ಅದಕ್ಕೆ ಕಲಿಸಲು ಹಣವೇ ಬರಲಿಲ್ಲ!

ಫಲಿತಾಂಶದ ಒತ್ತಡ ನಮ್ಮಲ್ಲೂ ಇದೆ. ಕರ್ನಾಟಕದಲ್ಲಿ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಇಳಿಕೆಗೆ ಕಾರಣ ಹಲವಿರಬಹುದು. ಆದರೆ ಫಲಿತಾಂಶ ಕುಸಿದ ಶಾಲೆಯ ಮುಖ್ಯಶಿಕ್ಷಕರಿಗೆ ಮೊದಲು ತಲುಪುವುದು ಕಾರಣ ಕೇಳುವ ನೋಟಿಸು. ಕ್ಯಾಮೆರಾ ನಕಲು ತಡೆದೀತು, ನೋಟಿಸಿನ ಭಯವನ್ನು ತಡೆಯದು.

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಜಿಲ್ಲಾ ಉಪನಿರ್ದೇಶಕರು (ಡಿಡಿಪಿಐ) ಪ್ರಗತಿ ಪರಿಶೀಲನಾ ಸಭೆಯಲ್ಲಿ ಶೇಕಡಾವಾರು ಕೇಳುವ ಮುನ್ನ, ಹಿಂದುಳಿದ ಮಕ್ಕಳು ಎಷ್ಟಿದ್ದಾರೆ, ಅವರಿಗೆ ಏನು ನೆರವು ಬೇಕು ಎಂದು ಕೇಳಲಿ. ನಿಜ ಹೇಳಿದ ಮುಖ್ಯಶಿಕ್ಷಕರಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ಇಲಾಖೆಯ ಹೊಣೆ.