ಆಪಾದಿತನ ಉತ್ತರ

ವಾರ್ಷಿಕ ಸಂಚಿಕೆಗೆ ಚರಿತ್ರೆಯನ್ನು ಕುರಿತ ಲೇಖನವೊಂದು ಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಕಲ್ಯಾಣದುರ್ಗವೆಂದೊಡನೆ ಓದುಗರು ಕೋಟೆ ಕೊತ್ತಲಗಳನ್ನೂ ಪಾಳೆಯಗಾರರನ್ನೂ ನಿರೀಕ್ಷಿಸುವುದು ಸಹಜವೇ. ಆ ಕೆಲಸವನ್ನು ಬಲ್ಲ ಹಿರಿಯರಿಗೆ ಬಿಟ್ಟು ನಾನು ಬೇರೊಂದು ಚರಿತ್ರೆಯನ್ನು ಹೇಳಬಯಸುತ್ತೇನೆ. ಅದು ಕಟಕಟೆಯ ಚರಿತ್ರೆ. ಒಬ್ಬ ಮನುಷ್ಯನ ಮೇಲೆ ತಪ್ಪು ಹೊರಿಸಿದಾಗ ಅವನು ಏನೆಂದು ಉತ್ತರ ಕೊಡಬಹುದು, ಅದನ್ನು ಕೇಳುವವರು ಯಾರು, ಯಾವ ಭಾಷೆಯಲ್ಲಿ ಕೇಳುತ್ತಾರೆ ಎಂಬುದರ ಚರಿತ್ರೆ.

ಈ ವಿಷಯ ನನ್ನ ತಲೆಯಲ್ಲಿ ಹೊಕ್ಕದ್ದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ, ಶಾಲೆ ಬಿಡುವ ಹೊತ್ತಿಗೆ, ಹತ್ತಿರದ ಹಳ್ಳಿಯ ವೃದ್ಧ ರೈತರೊಬ್ಬರು ಮಡಿಸಿದ ಕಾಗದವನ್ನು ಹಿಡಿದು ಬಂದು, “ಮೇಷ್ಟ್ರೇ, ಇದರಲ್ಲಿ ಏನು ಬರೆದಿದ್ದಾರೆ, ಒಸಿ ಓದಿ ಹೇಳಿ” ಎಂದರು. ಅದು ತೆಲುಗಿನಲ್ಲಿದ್ದ ತೀರ್ಪಿನ ನಕಲು. ಬದುವಿನ ಜಗಳದಲ್ಲಿ ಎದುರಾಳಿಯನ್ನು ಹೊಡೆದದ್ದಾಗಿ ಅವರು ಒಪ್ಪಿಕೊಂಡರೆಂದೂ, ಆದುದರಿಂದ ದಂಡ ವಿಧಿಸಲಾಯಿತೆಂದೂ ಅದರಲ್ಲಿದ್ದಿತು. ಮುದುಕರು ಬೆರಗಾದರು. “ಅವರೇ ನಮ್ಮ ಕಣಕ್ಕೆ ಬಂದು ನನ್ನ ಮಗನ ಮೇಲೆ ಕೋಲೆತ್ತಿದರು, ನಾನು ಅಡ್ಡ ಹೋದೆ” ಎಂದರು. ಹಾಗೆಂದು ಅಲ್ಲಿ ಹೇಳಲಿಲ್ಲವೆ ತಾತ ಎಂದು ಕೇಳಿದೆ. “ದೊಡ್ಡವರು ಏನೋ ಕೇಳಿದರು, ಹೌದು ಸ್ವಾಮಿ ಅಂದೆ.” ಸಂತೆಯ ತೆಲುಗು ಅವರಿಗೆ ಬಾಯಿಪಾಠ. ಕಛೇರಿಯ ತೆಲುಗು ಬೇರೆ. ಅಧಿಕಾರಿಗಳು ಏನು ಹೇಳಿದರೂ ‘ಹೌದು ಸ್ವಾಮಿ’ ಎನ್ನುವುದು ನಮ್ಮ ಹಳ್ಳಿಗರ ಮರ್ಯಾದೆ. ಕೇಳಿಸಿತು ಎಂಬಷ್ಟೇ ಅದರ ಅರ್ಥ. ಕಟಕಟೆಯಲ್ಲಿ ಅದಕ್ಕೆ ಬೇರೆ ಅರ್ಥವಾಯಿತು.

ಆ ರಾತ್ರಿ ನನಗೆ ವಿಜ್ಞಾನೇಶ್ವರನ ನೆನಪಾಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಆಳಿದನಷ್ಟೆ. ಅವನ ಆಶ್ರಯದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ಮಹಾಪಂಡಿತನೀತ. (ಆ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಹೆಸರಿನ ಹೋಲಿಕೆಯಿಂದ ನಮ್ಮ ದುರ್ಗದವರು ಉಬ್ಬಬೇಕಾಗಿಲ್ಲ.) ಮಿತಾಕ್ಷರೆಯೆಂದರೆ ಆಸ್ತಿಪಾಲಿನ ಶಾಸ್ತ್ರವೆಂದೇ ಹೆಚ್ಚು ಮಂದಿ ತಿಳಿದಿರುವರು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ನ್ಯಾಯಸಭೆಯ ನಡೆವಳಿಕೆಯೆಲ್ಲ ಇದೆ. ಅದರಂತೆ ವ್ಯವಹಾರಕ್ಕೆ ನಾಲ್ಕು ಪಾದಗಳು: ಫಿರ್ಯಾದಿಯ ಮಾತು ಭಾಷಾಪಾದ, ಪ್ರತಿವಾದಿಯ ಮಾತು ಉತ್ತರಪಾದ, ಸಾಕ್ಷ್ಯಾದಿಗಳು ಕ್ರಿಯಾಪಾದ, ತೀರ್ಮಾನವು ಸಾಧ್ಯಸಿದ್ಧಿಪಾದ.

ಇವುಗಳಲ್ಲಿ ಉತ್ತರಪಾದವನ್ನು ಅವನು ವಿವರಿಸುವ ರೀತಿ ಸೊಗಸಾದುದು. ‘ಇವನು ನನಗೆ ನೂರು ರೂಪಕ ಕೊಡಬೇಕು’ ಎಂದು ಒಬ್ಬನು ದೂರಿದನೆಂದು ಇಟ್ಟುಕೊಳ್ಳೋಣ. ನಿಜ, ಕೊಡಬೇಕು ಎಂದರೆ ಅದು ಸತ್ಯೋತ್ತರ, ಸಂಪ್ರತಿಪತ್ತಿಯೆಂದೂ ಹೆಸರು. ಇಲ್ಲ ಎಂದರೆ ಮಿಥ್ಯೋತ್ತರ. ತೆಗೆದುಕೊಂಡದ್ದು ನಿಜ, ಆದರೆ ತೀರಿಸಿದ್ದೇನೆ ಎಂದರೆ ಪ್ರತ್ಯವಸ್ಕಂದನ. ಈ ವಿಷಯದಲ್ಲಿ ಹಿಂದೆಯೇ ವ್ಯಾಜ್ಯವಾಗಿ ಇವನು ಸೋತಿದ್ದಾನೆ ಎಂದರೆ ಪ್ರಾಙ್ನ್ಯಾಯ. ಮಿಥ್ಯೋತ್ತರದಲ್ಲಿಯೂ ಮತ್ತೆ ನಾಲ್ಕು ಬಗೆ: ಇದು ಸುಳ್ಳು, ನನಗೆ ತಿಳಿಯದು, ಆಗ ನಾನು ಅಲ್ಲಿರಲಿಲ್ಲ, ಆಗ ನಾನಿನ್ನೂ ಹುಟ್ಟಿಯೇ ಇರಲಿಲ್ಲ. ಕಡೆಯದನ್ನು ಓದಿ ತರಗತಿಯಲ್ಲಿ ಮಕ್ಕಳು ನಕ್ಕದ್ದುಂಟು. ಅದು ನಗುವ ಮಾತಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಯಾವ ಉತ್ತರ ಕೊಟ್ಟರೆ ಸಾಧಿಸುವ ಹೊರೆ ಯಾರದೆಂಬುದನ್ನೂ ಅಲ್ಲಿ ಹೇಳಿದೆ. ಇಲ್ಲವೆಂದರೆ ದೂರಿದವನೇ ಸಾಧಿಸಬೇಕು. ‘ಹೌದು, ಆದರೆ’ ಎಂದರೆ ಉತ್ತರ ಕೊಟ್ಟವನು ಸಾಧಿಸಬೇಕು. ಹಿಂದಿನ ತೀರ್ಪನ್ನು ಮುಂದೊಡ್ಡಿದವನೂ ಹಾಗೆಯೇ. ನಿಜವೆಂದು ಒಪ್ಪಿದರೆ ಸಾಕ್ಷಿಯೇ ಬೇಕಿಲ್ಲ. ವ್ಯವಹಾರ ಎರಡೇ ಪಾದಗಳಲ್ಲಿ ಮುಗಿಯುತ್ತದೆ. ನಮ್ಮ ಮುದುಕರ ಮೊಕದ್ದಮೆ ಮುಗಿದದ್ದು ಹೀಗೆ. ಅವರ ಮನಸ್ಸಿನಲ್ಲಿದ್ದದ್ದು ಪ್ರತ್ಯವಸ್ಕಂದನ. ಬಾಯಿಂದ ಬಂದದ್ದು ಸತ್ಯೋತ್ತರ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳುವವನಲ್ಲ. ಅದೇ ಗ್ರಂಥದಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶಗಳೆಂಬ ದಿವ್ಯಗಳೂ ಇವೆ. ಜಾತಿಗೆ ತಕ್ಕಂತೆ ದಂಡವೂ ಇದೆ. ಕಳವು, ಸಾಹಸ ಮುಂತಾದ ಭಾರಿ ಅಪವಾದಗಳಲ್ಲಿ ಉತ್ತರಕ್ಕೆ ಅವಧಿಯನ್ನೇ ಕೊಡದೆ ಕೂಡಲೆ ಹೇಳಿಸಬೇಕೆಂಬ ನಿಯಮವೂ ಉಂಟು.

ಇನ್ನು ನಮ್ಮ ಸೀಮೆಗೆ ಬರೋಣ. ೧೮೦೦ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪೆಯ ಪ್ರಾಂತವನ್ನು ಕಂಪೆನಿಯವರಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಬಂದದ್ದು ಇದರಿಂದ. ೧೮೦೭ರವರೆಗೆ ಥಾಮಸ್ ಮನ್ರೋ ಇಲ್ಲಿ ಮುಖ್ಯ ಕಲೆಕ್ಟರನಾಗಿದ್ದನು. ಆಗಿನ ಕ್ರಿಮಿನಲ್ ನ್ಯಾಯವೆಂದರೆ ಕಂಪೆನಿಯ ಜಡ್ಜಿಗಳು ಮುಸಲ್ಮಾನ ಧರ್ಮಶಾಸ್ತ್ರಜ್ಞರಿಂದ ಫತ್ವಾ ಪಡೆದು ಹೇಳುತ್ತಿದ್ದ ತೀರ್ಪು. ಎಲ್ಲಕ್ಕೂ ಮೇಲೆ ಮದರಾಸಿನ ಫೌಜದಾರಿ ಅದಾಲತ್ತು. ಕನ್ನಡದ ಒಕ್ಕಲಿಗನು ಮಾಡಿದನೆನ್ನಲಾದ ತಪ್ಪಿಗೆ ಶಾಸ್ತ್ರವೊಂದು ಭಾಷೆಯದು, ತೀರ್ಪು ಇನ್ನೊಂದು ಭಾಷೆಯದು. ೧೮೧೬ರ ಕಾನೂನುಗಳಿಂದ ಪೋಲೀಸಿನ ಅಧಿಕಾರವೂ ಕಲೆಕ್ಟರರ ಕೈಸೇರಿತು. ಕಂದಾಯ ವಸೂಲು ಮಾಡುವವನೂ ಕಳ್ಳನನ್ನು ಹಿಡಿಯುವವನೂ ಒಬ್ಬನೇ ಆದನು.

ಅದರ ಫಲವನ್ನು ನಮ್ಮ ಹಿರಿಯರು ಉಂಡರು. ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆ ನಡೆಯುತ್ತಿದೆಯೆಂಬ ದೂರುಗಳನ್ನು ವಿಚಾರಿಸಲು ೧೮೫೪ರಲ್ಲಿ ಆಯೋಗವೊಂದು ನೇಮಕವಾಗಿ ೧೮೫೫ರಲ್ಲಿ ವರದಿಯನ್ನಿತ್ತಿತು. ಬೆರಳುಗಳನ್ನು ಮರದ ಇಕ್ಕಳದಲ್ಲಿ ಅದುಮುವ ‘ಕಿಟ್ಟಿ’, ಮೈಯನ್ನು ಬಾಗಿಸಿ ಹಗ್ಗದಿಂದ ಬಿಗಿದು ಬಿಸಿಲಲ್ಲಿ ನಿಲ್ಲಿಸುವುದು, ಇವೆಲ್ಲ ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ನಡೆಯುತ್ತಿದ್ದುವೆಂದು ಆಯೋಗವೇ ಒಪ್ಪಿಕೊಂಡಿತು. ೧೮೫೯ರಲ್ಲಿ ಪೋಲೀಸು ಇಲಾಖೆಯು ಕಂದಾಯದಿಂದ ಬೇರೆಯಾಯಿತು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗಲಾರದೆಂಬ ನಿಯಮ ೧೮೬೧ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಸೇರಿತು. ೧೮೭೨ರ ಸಾಕ್ಷ್ಯ ಅಧಿನಿಯಮದಲ್ಲಿ ಉಳಿಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಇದೆ. ಠಾಣೆಯಲ್ಲಿ ಏನು ಹೇಳಿಸಿಕೊಂಡರೂ ಅಷ್ಟರಿಂದಲೇ ಶಿಕ್ಷೆಯಾಗದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಆ ರಕ್ಷಣೆಯ ಹಿಂದೆ ಹೆಸರಿಲ್ಲದ ಎಷ್ಟೋ ರೈತರ ಮುರಿದ ಬೆರಳುಗಳಿವೆ.

೧೮೬೨ರ ಜನವರಿ ೧ರಿಂದ ಭಾರತೀಯ ದಂಡಸಂಹಿತೆ ಆಚರಣೆಗೆ ಬಂದಿತು. ಫತ್ವಾಗಳ ಕಾಲ ಮುಗಿಯಿತು. ಎಲ್ಲರಿಗೂ ಒಂದೇ ಕಾನೂನೆಂದು ಹೊಗಳಿಸಿಕೊಂಡಿತು. ವಿಚಾರಣೆಯ ರೀತಿ ಮಾತ್ರ ಒಂದೇ ಆಗಿರಲಿಲ್ಲ. ೧೮೮೪ರ ಕಾಯಿದೆಯಂತೆ ಐರೋಪ್ಯ ಆಪಾದಿತನು ತನ್ನ ಜ್ಯೂರಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಐರೋಪ್ಯರೋ ಅಮೆರಿಕದವರೋ ಇರಬೇಕೆಂದು ಕೇಳಬಹುದಾಗಿದ್ದಿತು. ೧೮೯೩ರ ಅಕ್ಟೋಬರ್ ೪ರಂದು ಗುಂತಕಲ್ಲಿನ ಬಳಿ ಬಿಳಿಯ ಸೈನಿಕರು ಇಬ್ಬರು ಹೆಂಗಸರನ್ನು ಬೆನ್ನಟ್ಟಿದರು. ರೈಲ್ವೆ ಗೇಟಿನ ಕಾವಲುಗಾರ ಹಂಪಣ್ಣನು ಅವರಿಗೆ ಆಶ್ರಯವಿತ್ತು ಸೈನಿಕರಿಗೆ ಅಡ್ಡನಿಂತನು. ಗುಂಡೇಟು ತಿಂದು ಪ್ರಾಣಬಿಟ್ಟನು. ಗುತ್ತಿಯ ಪಿ. ಕೇಶವ ಪಿಳ್ಳೆಯವರು ಈ ಪ್ರಕರಣವನ್ನು ಕೈಬಿಡದೆ ಹಿಡಿದರು. ಆಪಾದಿತನಾದ ಆಷ್ ಎಂಬ ಸೈನಿಕನ ವಿಚಾರಣೆ ನಡೆದದ್ದು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಮದರಾಸಿನಲ್ಲಿ. ಜ್ಯೂರಿಯವರು ಅವನನ್ನು ನಿರ್ದೋಷಿಯೆಂದರು. ಜನರು ಹಣ ಕೂಡಿಸಿ ಹಂಪಣ್ಣನಿಗೆ ಗುತ್ತಿಯಲ್ಲಿ ಸ್ಮಾರಕದ ಕಲ್ಲು ನಿಲ್ಲಿಸಿದರು. ಆಪಾದಿತನಿಗೆ ರಕ್ಷಣೆಯಿರಬೇಕೆಂಬುದನ್ನು ಒಪ್ಪುವ ನಾವು, ಆ ರಕ್ಷಣೆ ಬಣ್ಣ ನೋಡಿ ಹಂಚಿಕೆಯಾದಾಗ ಏನಾಗುವುದೆಂಬುದನ್ನು ಆ ಕಲ್ಲಿನ ಮುಂದೆ ನಿಂತು ಯೋಚಿಸಬೇಕು.

ಆಗ ನಾನಿನ್ನೂ ಹುಟ್ಟಿರಲಿಲ್ಲ ಎಂಬ ಉತ್ತರದ ಮಾತನ್ನು ಬಾಕಿ ಉಳಿಸಿದ್ದೆ. ೧೮೭೧ರಲ್ಲಿ ಉತ್ತರದಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ ೧೯೧೧ರಲ್ಲಿ ಮದರಾಸು ಪ್ರಾಂತಕ್ಕೂ ಬಂದಿತು. ಕೊರಚರೇ ಮೊದಲಾದ ಅಲೆಮಾರಿಗಳ ಗುಂಪುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಯಲ್ಲಿ ಬರೆದು, ಬೆರಳಚ್ಚು ತೆಗೆದು, ಊರಿಂದೂರಿಗೆ ಹೋಗಲು ಚೀಟಿ ಬೇಕೆಂದರು. ವಿಜ್ಞಾನೇಶ್ವರನ ಕಾಲದಲ್ಲಿ ಹುಟ್ಟಿರಲಿಲ್ಲವೆಂಬುದು ಬಿಡುಗಡೆಯ ಉತ್ತರ. ಇಲ್ಲಿ ಹುಟ್ಟಿದ್ದೇ ಆಪಾದನೆ. ಅದಕ್ಕೆ ಉತ್ತರವೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅನಂತಶಯನಂ ಅಯ್ಯಂಗಾರರ ಸಮಿತಿಯು ವಿಚಾರಿಸಿ ವರದಿಯನ್ನಿತ್ತು, ೧೯೫೨ರ ಆಗಸ್ಟ್ ೩೧ರಂದು ದೇಶದಲ್ಲೆಲ್ಲ ಆ ಕಾಯಿದೆ ರದ್ದಾಯಿತು.

ಅಷ್ಟರಲ್ಲಿ ಸಂವಿಧಾನವು ಬಂದಿದ್ದಿತು. ಬಂಧಿತನಿಗೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ೨೨ನೆಯ ವಿಧಿ ಹೇಳುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆಪಾದಿತನನ್ನೂ ಬಲಾತ್ಕರಿಸಕೂಡದು, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಕೂಡದು ಎಂಬುವು ೨೦ನೆಯ ವಿಧಿಯಲ್ಲಿವೆ. ಹಳೆಯ ನಾಲ್ಕು ಉತ್ತರಗಳು ಎಲ್ಲಿಯೂ ಹೋಗಿಲ್ಲವೆಂಬುದನ್ನು ಓದುಗರು ಗಮನಿಸಿರಬೇಕು. ಒಮ್ಮೆ ತೀರ್ಪಾದುದನ್ನು ತೋರಿಸುವುದು ಪ್ರಾಙ್ನ್ಯಾಯವೇ. ನಾನಲ್ಲಿರಲಿಲ್ಲವೆಂಬುದು ಇಂದಿಗೂ ವಕೀಲರ ದೊಡ್ಡ ಅಸ್ತ್ರ. ಹೊಡೆದದ್ದು ನಿಜ, ಆದರೆ ಆತ್ಮರಕ್ಷಣೆಗಾಗಿ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಎಂಬುದಕ್ಕೆ ೨೦೨೩ರ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳು ಎಡೆಗೊಡುತ್ತವೆ. ಅಗತ್ಯಕ್ಕಿಂತ ಹೆಚ್ಚು ಕೇಡು ಮಾಡಿರಬಾರದು. ಹಾಗೆ ನಡೆಯಿತೆಂದು ತೋರಿಸುವ ಹೊರೆಯೂ ಆಪಾದಿತನದೇ, ಮಿತಾಕ್ಷರೆಯಲ್ಲಿದ್ದಂತೆ. ಅಪರಾಧವನ್ನು ನಿಸ್ಸಂದೇಹವಾಗಿ ಸಾಧಿಸುವ ಹೊರೆ ಸರ್ಕಾರದ್ದು. ಸಣ್ಣ ಹೊಡೆದಾಟಗಳಲ್ಲಿ ರಾಜಿಯಾಗಲೂ ಕಾನೂನಿನಲ್ಲಿ ದಾರಿಯುಂಟು.

ಭಾಷೆಯ ಮಾತು ನಮಗೆ ಎಲ್ಲಕ್ಕಿಂತ ಮುಖ್ಯವಾದುದು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಆಂಧ್ರದಲ್ಲುಳಿದೆವು. ನಮ್ಮ ಕೆಳ ನ್ಯಾಯಾಲಯಗಳ ವ್ಯವಹಾರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ನಡೆಯುವುದು. ಇದರಲ್ಲಿ ತೆಲುಗಿನ ಸೋದರರೊಡನೆ ನಮಗೆ ಜಗಳವೇನೂ ಇಲ್ಲ. ಆದರೆ ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತುಂಬಿದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಹೇಳಿಸಬೇಕೆಂದು ೧೯೭೩ರ ಸಂಹಿತೆಯ ೨೭೯ನೆಯ ಕಲಮಿನಲ್ಲಿದ್ದಿತು. ೨೦೨೩ರ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ೩೧೪ನೆಯದು. ಆಪಾದನೆಯನ್ನು ಓದಿದರಷ್ಟೇ ಸಾಲದು, ವಿವರಿಸಿ ಹೇಳಬೇಕೆಂಬುದೂ ಕಾನೂನೇ. ೧೯೬೨ರಲ್ಲಿ ಹರಿಕಿಸನ್ ಎಂಬವರ ಪ್ರಕರಣದಲ್ಲಿ, ಇಂಗ್ಲಿಷರಿಯದವರಿಗೆ ಇಂಗ್ಲಿಷಿನಲ್ಲಿ ನಿವಾರಕ ಬಂಧನದ ಕಾರಣಗಳನ್ನು ಬರೆದುಕೊಟ್ಟು, ಹಿಂದಿಯ ಅನುವಾದ ಕೇಳಿದರೂ ಕೊಡದಿದ್ದುದಕ್ಕಾಗಿ ಸರ್ವೋಚ್ಚ ನ್ಯಾಯಾಲಯವು ಬಂಧನವನ್ನೇ ರದ್ದುಪಡಿಸಿತು. ಆದುದರಿಂದ ‘ಸ್ವಾಮಿ, ತಿಳಿಯಲಿಲ್ಲ; ಕನ್ನಡದಲ್ಲಿ ಹೇಳಿಸಿ’ ಎಂದು ಕೇಳುವುದು ಉದ್ಧಟತನವಲ್ಲ. ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಕಾಗಿಯೂ ಇಲ್ಲ. ೧೯೮೭ರ ಕಾಯಿದೆಯಂತೆ ೧೯೯೫ರ ನವೆಂಬರ್ ೯ರಿಂದ ಕಾನೂನು ಸೇವೆಗಳ ಪ್ರಾಧಿಕಾರಗಳ ವ್ಯವಸ್ಥೆ ಬಂದಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ವರಮಾನವನ್ನು ನೋಡದೆಯೇ ವಕೀಲರನ್ನು ಕೊಡುವರು. ಉಳಿದ ಬಡವರಿಗೂ ಉಂಟು. ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ತಿಳಿಯುವುದು.

ಮುದುಕರನ್ನು ಕರೆದುಕೊಂಡು ನಾನು ಪರಿಚಯದ ವಕೀಲರೊಬ್ಬರಲ್ಲಿಗೆ ಹೋದೆ. ಅವರು ಕಾಗದ ನೋಡಿ ತಲೆಯಾಡಿಸಿದರು. ತಪ್ಪನ್ನು ಒಪ್ಪಿಕೊಂಡವನಿಗೆ ಶಿಕ್ಷೆಯ ಪ್ರಮಾಣವನ್ನೋ ಕ್ರಮವನ್ನೋ ಕುರಿತು ಮಾತ್ರ ಮೇಲ್ಮನವಿಯುಂಟು, ತಪ್ಪು ಮಾಡಿಲ್ಲವೆಂದು ಮೇಲ್ಮನವಿ ನಡೆಯದು. ಬೇರೆ ದಾರಿಗಳು ಇಲ್ಲವೆಂದಲ್ಲ, ಈ ಸಣ್ಣ ದಂಡಕ್ಕೆ ಅವುಗಳ ಖರ್ಚೇ ಹೆಚ್ಚು ಎಂದರು. ಹಿಂದಿರುಗುವಾಗ ಬಸ್ಸು ನಿಲ್ದಾಣದಲ್ಲಿ ಮುದುಕರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದರೆ ನಾನು ಅಲ್ಲಿ ಏನನ್ನಬೇಕಿತ್ತು ಮೇಷ್ಟ್ರೇ?” ಎಂದು ಕೇಳಿದರು. ಹೇಳಿಕೊಟ್ಟೆ. ಬಸ್ಸು ಬರುವವರೆಗೂ, ಪಾಠ ಒಪ್ಪಿಸುವ ಹುಡುಗನಂತೆ, ಅದನ್ನು ಎರಡು ಮೂರು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು.