ನಾಲ್ಕು ಇಂಚಿನ ಲಕ್ಷ್ಮಣರೇಖೆ

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳ ಸದ್ದು ಕನ್ನಡಿಗರಿಗೆ ಚಿರಪರಿಚಿತ. ಜಾವಾದ ತವರು ಚೆಕೊಸ್ಲೊವಾಕಿಯದ್ದೇ ಆದ ‘ಸಿಜೆಡ್’ ಬೈಕು ಹೆಸರು ಮಾಡಿದ್ದು ಮಾತ್ರ ಯೂರೋಪಿನ ಕೆಸರಿನಲ್ಲಿ, ಮೋಟೊಕ್ರಾಸ್ ಕಣದಲ್ಲಿ. ಬೆಲ್ಜಿಯಂನ ಜೋಯೆಲ್ ರೊಬೇರ್ 1964ರಲ್ಲಿ 250 ಸಿ.ಸಿ. ವಿಶ್ವ ಪ್ರಶಸ್ತಿ ಗೆದ್ದದ್ದು ಇದರ ಮೇಲೆ.

1973ರಲ್ಲಿ ಯಮಾಹಾ ಹಿಂಬದಿಗೆ ಒಂದೇ ಷಾಕ್ ಅಬ್ಸಾರ್ಬರ್ ಇಟ್ಟು ಅದೇ ಪ್ರಶಸ್ತಿ ಗೆದ್ದಿತು. ಅಲ್ಲಿಂದ ಹಿಂದಿನ ಚಕ್ರ ಎಷ್ಟು ಹೆಚ್ಚು ಮೇಲೆ ಕೆಳಗೆ ಆಡುವುದೋ ಅಷ್ಟು ವೇಗ ಎಂಬಂತಾಯಿತು. ಹಳೆಯ ಬೈಕುಗಳು ನೋಡನೋಡುತ್ತ ಮೂಲೆ ಸೇರಿದವು.

ಈಗ ಅವುಗಳಿಗೆ ಮರುಜೀವ ಕೊಡುವವರಿದ್ದಾರೆ. ಪ್ಲಾಟಿನಂ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸುತ್ತಾರೆ. ಹಳೆಯ ರೂಪದ ಷಾಕ್ ಒಳಗೆ ಹೊಸ ಕವಾಟ ಅಡಗಿಸುತ್ತಾರೆ. ಆದರೆ ಅಮೆರಿಕದ ವಿಂಟೇಜ್ ಪಂದ್ಯಗಳ ಮುಖ್ಯ ವರ್ಗಗಳಲ್ಲಿ ಹಿಂದಿನ ಚಕ್ರದ ಆಟ ನಾಲ್ಕು ಇಂಚು, ಮುಂದಿನದು ಏಳು ಇಂಚು ಮೀರುವಂತಿಲ್ಲ.

ಪೇಚು ಇರುವುದು ಇಲ್ಲಿಯೇ. 1974ರ ಸುಮಾರಿಗೆ ಹೊಸ ಬೈಕು ಕೊಳ್ಳಲಾಗದ ಸವಾರರು ಷಾಕ್‌ಗಳನ್ನು ಮುಂದಕ್ಕೆ ಸರಿಸಿ ಚೌಕಟ್ಟಿಗೆ ಬೆಸೆದುಕೊಂಡಿದ್ದರು. ಸನ್ನೆಗೋಲಿನ ನ್ಯಾಯದಂತೆ ಅಷ್ಟರಿಂದಲೇ ಚಕ್ರದ ಆಟ ಹೆಚ್ಚುತ್ತಿತ್ತು. ಒರಟು ಬೆಸುಗೆ, ನಿಜ. ಆದರೂ ಕಾರ್ಖಾನೆಯ ಬಣ್ಣಕ್ಕಿಂತ ಹೆಚ್ಚು ಕಥೆ ಹೇಳುವುದು ಅದೇ. ಅಂಥ ಬೈಕನ್ನು ನಾಲ್ಕು ಇಂಚಿನ ಪಂದ್ಯಕ್ಕೆ ಇಳಿಸಬೇಕಾದರೆ ಮೊದಲು ಕತ್ತರಿಸಿ ಎಸೆಯಬೇಕಾದದ್ದು ಆ ಬೆಸುಗೆಯನ್ನೇ.